ಆರೋಗ್ಯ ತರಬೇತಿ: ಕಲಿಸುವವರೂ ಕಲಿಯಬೇಕಿದೆ

ಮಾನ್ಯ ಸಂಪಾದಕರೇ,

ಬೆಳಗಾವಿ, ವಿಜಯಪುರ, ಬಾಗಲಕೋಟೆ ಎಂಬ ನಮ್ಮ ಭಾಗದ ಮೂರು ಜಿಲ್ಲೆಗಳಲ್ಲಿ ಆರೋಗ್ಯ ಸಿಬ್ಬಂದಿಗೆ ತರಬೇತಿಗಳ ಕೊರತೆ ಇಲ್ಲ. ಸ್ಟಾಫ್ ನರ್ಸ್, ಸಮುದಾಯ ಆರೋಗ್ಯ ಅಧಿಕಾರಿ, ಲ್ಯಾಬ್ ಟೆಕ್ನಿಷಿಯನ್, ಆಶಾ ಎಲ್ಲರಿಗೂ ವರ್ಷವಿಡೀ ಒಂದಿಲ್ಲೊಂದು ನಡೆದೇ ಇರುತ್ತದೆ. ಕೊರತೆ ಇರುವುದು ಕಲಿಸುವ ರೀತಿಯಲ್ಲಿ. ಬೆಳಿಗ್ಗೆ ಹಾಜರಿ ಸಹಿ, ಅರವತ್ತು ಮಂದಿ ತುಂಬಿದ ಸಭಾಂಗಣ, ಪರದೆಯ ಮೇಲೆ ಇಂಗ್ಲಿಷ್ ಸ್ಲೈಡುಗಳು, ಊಟ, ಮತ್ತೆ ಸ್ಲೈಡುಗಳು, ಸಂಜೆ ಪ್ರಮಾಣಪತ್ರ. ಕೈಗೆ ಬರಬೇಕಾದ ಕೆಲಸವನ್ನು ಕಿವಿಗೆ ಹೇಳಿ ಕಳಿಸಿದರೆ ಅದು ವಾರ್ಡಿನವರೆಗೂ ಬರುವುದಿಲ್ಲ. ಇಪ್ಪತ್ತು ವರ್ಷ ಸೇವೆ ಆದವರನ್ನು ತರಬೇತುದಾರರಾಗಿ ನಿಲ್ಲಿಸುತ್ತೇವೆ. ಅವರಿಗೆ ಕಲಿಸುವುದನ್ನು ಯಾರು ಕಲಿಸಿದ್ದಾರೆ ಎಂದು ಕೇಳುವುದಿಲ್ಲ.

ಕೆಲಸ ಚೆನ್ನಾಗಿ ಬಲ್ಲವರಿಗೇ ಕಲಿಸುವುದು ಕಷ್ಟವಾಗುತ್ತದೆ, ಅದಕ್ಕೆ ಕಾರಣವಿದೆ. ಐವಿ ಕ್ಯಾನುಲಾ, ಅಂದರೆ ಸಲೈನ್, ಔಷಧ ಕೊಡಲು ರಕ್ತನಾಳದೊಳಗೆ ಕೂರಿಸುವ ತೆಳು ನಳಿಕೆ, ಹಾಕುವುದನ್ನೇ ನೋಡಿ. ನುರಿತ ಸಿಸ್ಟರ್ ಒಬ್ಬರು ‘ನರ ಹಿಡಿ, ಚುಚ್ಚು, ರಕ್ತ ಬಂದ ಕೂಡಲೇ ಒಳಗ ತಳ್ಳು’ ಎನ್ನುತ್ತಾರೆ. ಕಲಿಯುವ ಹುಡುಗಿ ಅಷ್ಟನ್ನೇ ಮಾಡುತ್ತಾಳೆ, ಆದರೂ ಕ್ಯಾನುಲಾ ಒಳಗೆ ಹೋಗುವುದಿಲ್ಲ, ಚುಚ್ಚಿದಲ್ಲಿ ಊದಿಕೊಳ್ಳುತ್ತದೆ. ಸೂಜಿಯ ತುದಿ ಪ್ಲಾಸ್ಟಿಕ್ ನಳಿಕೆಗಿಂತ ತುಸು ಮುಂದಿರುತ್ತದೆ. ಸೂಜಿಯ ಹಿಂಬದಿಯ ಚೇಂಬರಿನಲ್ಲಿ ರಕ್ತ ಕಂಡಾಗ ರಕ್ತನಾಳದೊಳಗೆ ಹೋಗಿರುವುದು ಸೂಜಿಯ ತುದಿ ಮಾತ್ರ, ನಳಿಕೆಯ ತುದಿ ಇನ್ನೂ ಗೋಡೆಯ ಹೊರಗೇ ಇದೆ. ಆಗ ಕೋನವನ್ನು ತಗ್ಗಿಸಿ, ಸೂಜಿ ಸಮೇತ ಇನ್ನೆರಡು ಮಿಲಿಮೀಟರ್ ಮುಂದೆ ಹೋಗಿ, ಆಮೇಲೆ ನಳಿಕೆಯನ್ನಷ್ಟೇ ಜಾರಿಸಬೇಕು. ಸಿಸ್ಟರ್ ಕೈ ಇದನ್ನು ದಿನವೂ ಮಾಡುತ್ತದೆ, ಬಾಯಿ ಹೇಳುವುದಿಲ್ಲ. ಟೂರ್ನಿಕೆಟ್ಟನ್ನು (ತೋಳಿಗೆ ಬಿಗಿಯುವ ಪಟ್ಟಿಯನ್ನು) ಚುಚ್ಚುವ ಜಾಗದಿಂದ ನಾಲ್ಕೈದು ಬೆರಳಗಲ ಮೇಲೆ ಕಟ್ಟುವುದು, ಸ್ಪಿರಿಟ್ ಹಚ್ಚಿದ ಮೇಲೆ ಅದು ಆರುವ ತನಕ ಕಾಯುವುದು, ಆಮೇಲೆ ಆ ಜಾಗವನ್ನು ಮತ್ತೆ ಬೆರಳಿನಿಂದ ಮುಟ್ಟದಿರುವುದು, ಸೂಜಿ ತೆಗೆಯುವ ಮುಂಚೆ ಟೂರ್ನಿಕೆಟ್ ಬಿಚ್ಚುವುದು, ಸೂಜಿಗೆ ಮುಚ್ಚಳ ಹಾಕದೆ ನೇರವಾಗಿ ಚೂಪು ತ್ಯಾಜ್ಯದ ಬಿಳಿ ಡಬ್ಬಿಗೆ ಹಾಕುವುದು, ಇವೂ ಹಾಗೆಯೇ ಹೇಳದೆ ಉಳಿದುಬಿಡುತ್ತವೆ. ಆದ್ದರಿಂದ ತರಬೇತುದಾರರ ಮೊದಲ ಮನೆಪಾಠ ತಮ್ಮ ಕೆಲಸವನ್ನು ತಾವೇ ಬಿಡಿಸಿ, ಒಂದೊಂದು ಹೆಜ್ಜೆಯಾಗಿ ಬರೆದುಕೊಳ್ಳುವುದು. ಬರೆದದ್ದನ್ನು ಹೊಸಬರೊಬ್ಬರಿಗೆ ಓದಿಸಿ, ಎಲ್ಲಿ ಎಡವುತ್ತಾರೆಂದು ನೋಡಿದರೆ ಬಿಟ್ಟುಹೋದ ಹೆಜ್ಜೆ ಸಿಗುತ್ತದೆ.

ಕೌಶಲ ಕಲಿಸಲು ನಾಲ್ಕು ಹಂತದ ಕ್ರಮವೊಂದಿದೆ. ಶಸ್ತ್ರವೈದ್ಯ ಪೇಟನ್ ಅವರ ಹೆಸರಿನಲ್ಲಿ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಮೊದಲು ತರಬೇತುದಾರರು ಮಾತಿಲ್ಲದೆ, ನಿಜವಾದ ವೇಗದಲ್ಲಿ ಮಾಡಿ ತೋರಿಸಬೇಕು. ಎರಡನೆಯ ಸಲ ನಿಧಾನವಾಗಿ, ಪ್ರತಿ ಹೆಜ್ಜೆಯನ್ನೂ ಅದರ ಕಾರಣವನ್ನೂ ಹೇಳುತ್ತ ಮಾಡಬೇಕು. ಮೂರನೆಯ ಸಲ ‘ಈಗ ನೀವು ಹೇಳ್ರಿ, ನಾ ಮಾಡ್ತೀನಿ’ ಎನ್ನಬೇಕು. ನಾಲ್ಕನೆಯ ಸಲ ಕಲಿಯುವವರೇ ಹೇಳುತ್ತ ಮಾಡಬೇಕು. ಸಮಯವಿಲ್ಲವೆಂದು ಎಲ್ಲರೂ ಹಾರಿಸುವುದು ಮೂರನೆಯದನ್ನು. ಆದರೆ ತಪ್ಪು ತಿಳಿವಳಿಕೆ ರೋಗಿಯ ಕೈಗೆ ಮುಟ್ಟುವ ಮುಂಚೆ ಬಾಯಲ್ಲೇ ಸಿಕ್ಕಿಬೀಳುವುದು ಅಲ್ಲಿಯೇ. ಅವರು ‘ರಕ್ತ ಬಂತು, ಸೂಜಿ ತಗೀರಿ’ ಎಂದರೆ ಅಲ್ಲೇ ಕೈ ನಿಲ್ಲಿಸಿ ‘ತಗದ್ರ ಏನಾಗ್ತದ?’ ಎಂದು ಕೇಳಬೇಕು. ಅಭ್ಯಾಸಕ್ಕೆ ಮ್ಯಾನಿಕಿನ್ (ಗೊಂಬೆ) ತೋಳು ಇಲ್ಲದಿದ್ದರೆ ತೆಳು ರಬ್ಬರ್ ನಳಿಕೆಯಲ್ಲಿ ಕೆಂಪು ಶಾಯಿ ನೀರು ತುಂಬಿ ಎರಡೂ ಬದಿ ಕಟ್ಟಿ, ಸ್ಪಂಜಿನ ಸೀಳಿನಲ್ಲಿ ಹುದುಗಿಸಿದರೂ ಆಯಿತು. ಬಜೆಟ್ ಬರಲಿ ಎಂದು ಕಾಯಬೇಕಾದ ಕೆಲಸ ಇದಲ್ಲ.

ಇದು ಅರವತ್ತು ಮಂದಿಗೆ ಒಟ್ಟಿಗೆ ಆಗುವುದಿಲ್ಲ. ಕೊನೆಯ ಹಂತಕ್ಕೆ ಒಬ್ಬರಿಗೆ ಐದು ನಿಮಿಷವೆಂದರೂ ಅರವತ್ತು ಜನಕ್ಕೆ ಐದು ತಾಸು ಬೇಕು. ಐದಾರು ಮಂದಿಯ ಗುಂಪಿಗೆ ಒಬ್ಬ ತರಬೇತುದಾರ, ಒಂದು ಮೇಜು, ಒಂದು ಕೌಶಲ, ಮುಕ್ಕಾಲು ತಾಸು, ಆಮೇಲೆ ಗುಂಪುಗಳು ಮೇಜು ಬದಲಿಸಬೇಕು. ಸ್ಲೈಡುಗಳನ್ನು ಹಿಂದಿನ ವಾರವೇ ಮೊಬೈಲಿಗೆ ಕಳಿಸಿ ಓದಿಕೊಂಡು ಬರಲು ಹೇಳಿದರೆ ಇಷ್ಟು ಹೊತ್ತು ಸಿಗುತ್ತದೆ.

ವಾರ್ಡಿನಲ್ಲಿ, ಕೆಲಸದ ನಡುವೆಯೇ ಕಲಿಸುವುದು ಇನ್ನೊಂದು ವಿದ್ಯೆ. ನಮ್ಮ ಭಾಗಕ್ಕೆ ಹೊಂದುವ ಉದಾಹರಣೆ ಹಾವು ಕಡಿತ. ಕಬ್ಬಿನ ಹೊಲದಿಂದ ಕರೆತಂದವರನ್ನು ಹೌಸ್ ಸರ್ಜನ್ (ತರಬೇತಿಯಲ್ಲಿರುವ ಕಿರಿಯ ವೈದ್ಯರು) ನೋಡುತ್ತಾರೆ, ಗಾಜಿನ ನಳಿಕೆಯಲ್ಲಿ ಇಪ್ಪತ್ತು ನಿಮಿಷ ಇಟ್ಟ ರಕ್ತ ಹೆಪ್ಪುಗಟ್ಟಿದೆ, ‘ವಿಷ ಏರಿಲ್ಲ ಸರ್’ ಎನ್ನುತ್ತಾರೆ. ಹಿರಿಯರು ತಾವೇ ಆರ್ಡರ್ ಬರೆದು ಮುಂದೆ ಹೋದರೆ ರೋಗಿ ಉಳಿಯಬಹುದು, ಆದರೆ ಆ ಹೌಸ್ ಸರ್ಜನ್ ನಾಳೆ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಗೆ ಒಬ್ಬರೇ ಇದ್ದಾಗ ಅದೇ ತಪ್ಪನ್ನು ಮಾಡುತ್ತಾರೆ. ಒಂದೆರಡು ನಿಮಿಷದಲ್ಲಿ ಕಲಿಸುವ ದಾರಿ ಹೀಗೆ: ಮೊದಲು ‘ನಿಮಗೇನು ಅನಿಸುತ್ತದೆ?’ ಎಂದು ಅವರ ನಿರ್ಧಾರ ಕೇಳುವುದು. ‘ಏನು ನೋಡಿ ಹಾಗೆ ಹೇಳಿದಿರಿ?’ ಎಂದು ಆಧಾರ ಕೇಳುವುದು. ಆಮೇಲೆ ಒಂದೇ ಒಂದು ನಿಯಮ ಹೇಳುವುದು. ಇಲ್ಲಿ ಆ ನಿಯಮ: ಇಪ್ಪತ್ತು ನಿಮಿಷದ ಪರೀಕ್ಷೆ ಹೇಳುವುದು ರಕ್ತ ಕೆಡಿಸುವ ಕೊಳಕುಮಂಡಲದಂಥ ಹಾವಿನ ವಿಷದ ಮಾತನ್ನು. ಕಟ್ಟುಹಾವು, ನಾಗರಹಾವು ಕಡಿದಾಗ ರಕ್ತ ಸರಿಯಾಗಿಯೇ ಹೆಪ್ಪುಗಟ್ಟಬಹುದು, ಹಾಗಾಗಿ ರೆಪ್ಪೆ ಜೋಲುತ್ತಿದೆಯೇ, ನುಂಗಲು ಆಗುತ್ತಿದೆಯೇ, ಉಸಿರಾಟ ಹೇಗಿದೆ ಎಂದು ಮತ್ತೆ ಮತ್ತೆ ನೋಡಬೇಕು. ಕೊನೆಗೆ ಅವರು ಸರಿ ಮಾಡಿದ್ದನ್ನು ಹೆಸರಿಸಿ ಹೇಳುವುದು, ತಪ್ಪಿದ್ದನ್ನೂ ಹಾಗೆಯೇ ಹೇಳುವುದು.

ಅದೇ ಪರೀಕ್ಷೆಯನ್ನು ಲ್ಯಾಬಿನವರಿಗೂ ನರ್ಸುಗಳಿಗೂ ಕಲಿಸುವಾಗ ಕಾರಣ ಹೇಳದೆ ಕಲಿಸಿದರೆ ಕೆಡುತ್ತದೆ. 2 ಮಿ.ಲೀ. ರಕ್ತ, ಹೊಸ, ಒಣಗಿದ, ಸ್ವಚ್ಛ ಗಾಜಿನ ನಳಿಕೆ, ಕೋಣೆಯ ಉಷ್ಣತೆಯಲ್ಲಿ ಅಲುಗಿಸದೆ 20 ನಿಮಿಷ, ಆಮೇಲೆ ಒಂದೇ ಸಲ ವಾಲಿಸಿ ನೋಡುವುದು. ರಕ್ತ ಹೆಪ್ಪುಗಟ್ಟಲು ಶುರುಮಾಡುವುದು ಗಾಜಿನ ಮೇಲ್ಮೈ ತಾಗಿ. ಪ್ಲಾಸ್ಟಿಕ್ಕಿನಲ್ಲಿ, ಸೋಪಿನಿಂದ ತೊಳೆದ ನಳಿಕೆಯಲ್ಲಿ ಆ ಕ್ರಿಯೆ ಸರಿಯಾಗಿ ಆಗುವುದಿಲ್ಲ, ವಿಷವಿಲ್ಲದಿದ್ದರೂ ರಕ್ತ ನೀರಾಗಿಯೇ ಉಳಿಯಬಹುದು, ಆಗ ಹಾವಿನ ವಿಷಕ್ಕೆ ಕೊಡುವ ಸೀರಂ ಬೇಡದಿದ್ದರೂ ಏರುತ್ತದೆ. ಈ ಕಾರಣ ಗೊತ್ತಿದ್ದವರು ಗಾಜಿನ ನಳಿಕೆ ಮುಗಿದ ದಿನ ಕೈಗೆ ಸಿಕ್ಕ ಪ್ಲಾಸ್ಟಿಕ್ ಬಾಟಲಿಗೆ ರಕ್ತ ಹಾಕುವುದಿಲ್ಲ, ಗಾಜಿನ ನಳಿಕೆಗೆ ಇಂಡೆಂಟ್ (ಬೇಡಿಕೆ ಪತ್ರ) ಹಾಕುತ್ತಾರೆ.

ತಿದ್ದುವ ರೀತಿಯ ಬಗ್ಗೆಯೂ ಹೇಳಲೇಬೇಕು. ರೋಗಿಯ ಸಂಬಂಧಿಕರ ಎದುರು ‘ಇಷ್ಟೂ ಬರಂಗಿಲ್ಲೇನು?’ ಎಂದು ಗದರಿದರೆ ಆ ಹುಡುಗಿ ಮುಂದೆ ತಪ್ಪನ್ನು ಮುಚ್ಚಿಡಲು ಕಲಿಯುತ್ತಾಳೆ. ಮುಚ್ಚಿಟ್ಟ ತಪ್ಪಿನ ಬೆಲೆ ತೆರುವವರು ರೋಗಿಗಳು. ‘ಚಲೋ ಮಾಡಿದಿ’ ಎಂಬುದೂ ಏನನ್ನೂ ಕಲಿಸುವುದಿಲ್ಲ. ಮೊದಲು ಅವರನ್ನೇ ಹೇಗಾಯಿತೆಂದು ಕೇಳಿ, ಕಂಡದ್ದನ್ನು ಕಂಡಂತೆ ಹೇಳಿ (‘ಟೂರ್ನಿಕೆಟ್ ಬಿಚ್ಚುವ ಮುಂಚೆ ಸೂಜಿ ತೆಗೆದಿರಿ, ಅದಕ್ಕೇ ರಕ್ತ ಚಿಮ್ಮಿತು’), ಕೂಡಲೇ ಇನ್ನೊಮ್ಮೆ ಮಾಡಿಸಬೇಕು. ರೋಗಿಗೆ ಅಪಾಯವಾಗುವ ತಪ್ಪಾದರೆ ಮಾತ್ರ ಅಲ್ಲೇ, ಆ ಕ್ಷಣವೇ ಕೈ ಹಿಡಿದು ತಡೆಯಬೇಕು.

ಆಶಾ ಕಾರ್ಯಕರ್ತೆಯರು ಕಲಿಯುವವರೂ ಹೌದು, ಮನೆ ಮನೆಯಲ್ಲಿ ಕಲಿಸುವವರೂ ಹೌದು. ಅವರ ತರಬೇತಿಯಲ್ಲಿ ಈ ಎರಡನೆಯದು ಕಾಣುವುದೇ ಅಪರೂಪ. ಓಆರ್‌ಎಸ್ ಪೊಟ್ಟಣ ಕೊಟ್ಟು ‘ತಿಳೀತೇನವ್ವಾ?’ ಎಂದರೆ ಎಲ್ಲ ತಾಯಂದಿರೂ ‘ಹೂಂ ರೀ’ ಎನ್ನುತ್ತಾರೆ. ‘ಮನಿಗೆ ಹೋಗಿ ಹೆಂಗ ಮಾಡ್ತಿ, ನನಗ ಮಾಡಿ ತೋರ್ಸು’ ಎಂದಾಗ ಅರ್ಧ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿಯುವುದು ಕಣ್ಣಿಗೆ ಬೀಳುತ್ತದೆ. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ. ಮನೆಯ ಚರಗಿಗೆ ಎಷ್ಟು ಹಿಡಿಯುತ್ತದೆಂದು ಒಂದು ಲೀಟರ್ ಬಾಟಲಿಯಿಂದ ಅಲ್ಲೇ ಅಳೆದು ತೋರಿಸಬೇಕು. ನೀರು ಕಡಿಮೆಯಾದರೆ ಉಪ್ಪಿನಂಶ ಹೆಚ್ಚಾಗಿ ಕೂಸಿಗೆ ಕೆಡುಕು. ಕಲಸಿದ್ದನ್ನು 24 ತಾಸಿನ ಮೇಲೆ ಚೆಲ್ಲಬೇಕು. ಭೇದಿ ನಿಂತರೂ ಜಿಂಕ್ ಗುಳಿಗೆ 14 ದಿನ. ಗಡಿಭಾಗದ ಊರುಗಳಲ್ಲಿ ಇದನ್ನೇ ಮರಾಠಿಯಲ್ಲಿ ಮಾಡಿಸಬೇಕಾಗುತ್ತದೆ. ತರಬೇತಿ ಮಾತ್ರ ಇಂಗ್ಲಿಷ್ ಸ್ಲೈಡಿನಲ್ಲಿ ನಡೆದರೆ ಆಶಾ ಆ ಮಾತುಗಳನ್ನು ಎಲ್ಲಿಂದ ತರಬೇಕು?

ತರಬೇತಿಯ ಮುಂಚೆ ಹತ್ತು ಪ್ರಶ್ನೆ, ನಂತರ ಅವೇ ಹತ್ತು ಪ್ರಶ್ನೆ, ಅಂಕ ಏರಿತು ಎಂಬ ವರದಿಗೆ ಹೆಚ್ಚು ಅರ್ಥವಿಲ್ಲ. ‘ಗೊತ್ತಿದೆ’ ಎಂಬುದರಿಂದ ‘ಕೆಲಸದಲ್ಲಿ ಮಾಡುತ್ತಾರೆ’ ಎಂಬ ತನಕ ಮೆಟ್ಟಿಲುಗಳಿವೆ ಎಂದು ವೈದ್ಯಕೀಯ ಶಿಕ್ಷಣ ತಜ್ಞ ಮಿಲ್ಲರ್ 1990ರಲ್ಲೇ ವಿವರಿಸಿದ್ದಾರೆ. ನಮ್ಮ ಪ್ರಶ್ನೆಪತ್ರಿಕೆ ಅಳೆಯುವುದು ಕೆಳಗಿನ ಮೆಟ್ಟಿಲನ್ನು. ಎದೆ ಒತ್ತುವ ಸಿಪಿಆರ್ ಕೌಶಲ (ದೊಡ್ಡವರಿಗೆ 5ರಿಂದ 6 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120 ಸಲ) ಅಭ್ಯಾಸ ತಪ್ಪಿದರೆ ಕೆಲವೇ ತಿಂಗಳಲ್ಲಿ ಕೈಬಿಟ್ಟುಹೋಗುತ್ತದೆ. ತರಬೇತುದಾರರು ಎರಡು ತಿಂಗಳ ನಂತರ ಚೆಕ್‌ಲಿಸ್ಟ್ ಹಿಡಿದು ಕೆಲಸದ ಜಾಗಕ್ಕೇ ಹೋಗಿ ನೋಡಬೇಕು.

ಇದಕ್ಕೆ ಬೇಕಾದ ತಿಳಿವಳಿಕೆ ದೂರದಲ್ಲಿಲ್ಲ. ವೈದ್ಯಕೀಯ ಕಾಲೇಜುಗಳ ಬೋಧಕರಿಗೆ ಕಲಿಸುವ ಕ್ರಮದ ಬಗ್ಗೆಯೇ ಕೋರ್ಸುಗಳಿವೆ, 2019ರಲ್ಲಿ ಎಂಬಿಬಿಎಸ್‌ಗೆ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಬಂದ ಮೇಲೆ ಅವಕ್ಕೆ ಒತ್ತೂ ಹೆಚ್ಚಿದೆ. ಬೆಳಗಾವಿಯ ಬಿಮ್ಸ್ ಮತ್ತು ಜೆಎನ್‌ಎಂಸಿ, ವಿಜಯಪುರದ ಬಿಎಲ್‌ಡಿಇ, ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಮನಸ್ಸು ಮಾಡಿ ತಮ್ಮ ವೈದ್ಯಕೀಯ ಶಿಕ್ಷಣ ಘಟಕಗಳ ಬಾಗಿಲನ್ನು ತಾಲ್ಲೂಕು ಆಸ್ಪತ್ರೆಯ ಹಿರಿಯ ನರ್ಸುಗಳಿಗೂ ಲ್ಯಾಬ್ ಟೆಕ್ನಿಷಿಯನ್ನರಿಗೂ ತೆರೆಯಬೇಕು. ಮೂರೂ ಜಿಲ್ಲೆಗಳ ಆರೋಗ್ಯಾಧಿಕಾರಿಗಳು ತರಬೇತಿ ಆದೇಶ ಹೊರಡಿಸುವಾಗ ಅದರಲ್ಲಿ ನಾಲ್ಕು ಸಾಲು ಹೆಚ್ಚಿಗೆ ಸೇರಿಸಲಿ: ಒಬ್ಬ ತರಬೇತುದಾರರಿಗೆ ಎಷ್ಟು ಮಂದಿ, ಯಾವ ಮಾದರಿ ಸಾಮಗ್ರಿ, ಕೈಯಿಂದ ಮಾಡಿಸುವ ಸಮಯ ಎಷ್ಟು, ಕೆಲಸದ ಜಾಗದಲ್ಲಿ ಪರಿಶೀಲಿಸುವವರು ಯಾರು ಮತ್ತು ಯಾವಾಗ.

– ಶುಶ್ರೂಷಾ ಬೋಧಕರು, ವಿಜಯಪುರ