ಜನರೇಟರ್ ಕೊಳ್ಳುವಾಗ ನೋಡಬೇಕಾದ ಅಂಕಿ

ಮಾನ್ಯ ಸಂಪಾದಕರೇ,

ಕರೆಂಟು ಕೈಕೊಟ್ಟಾಗ ಆಸರೆಯಾಗಲೆಂದು ಸಣ್ಣ ಜನರೇಟರ್ ಕೊಳ್ಳುವವರಲ್ಲಿ ಹೆಚ್ಚಿನವರು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ ಗರಿಷ್ಠ ಸಾಮರ್ಥ್ಯವನ್ನೇ ನಂಬಿಬಿಡುತ್ತಾರೆ. ಅದು ಯಂತ್ರ ಅಲ್ಪ ಹೊತ್ತು ಮಾತ್ರ ತಾಳಬಲ್ಲ ಹೊರೆ. ಗಂಟೆಗಟ್ಟಲೆ ಕೊಡಬಲ್ಲ ನಿರಂತರ ಸಾಮರ್ಥ್ಯ ಅದಕ್ಕಿಂತ ಕಡಿಮೆಯಿದ್ದು, ಕೊಳ್ಳುವವರು ಕೇಳಿ ತಿಳಿಯಬೇಕಾದದ್ದು ಅದನ್ನೇ. ಸಾಮರ್ಥ್ಯವನ್ನು ಕೆವಿಎ (ವೋಲ್ಟನ್ನು ಆಂಪಿಯರಿನಿಂದ ಗುಣಿಸಿ ಸಾವಿರಗಳಲ್ಲಿ ಹೇಳುವ ಅಳತೆ) ಲೆಕ್ಕದಲ್ಲಿ ಬರೆದಿದ್ದರೆ ಇನ್ನಷ್ಟು ಎಚ್ಚರ ಬೇಕು: ಅದರಲ್ಲಿ ನಿಜವಾಗಿ ಕೆಲಸಕ್ಕೆ ಒದಗುವ ಪಾಲು, ಅಂದರೆ ಪವರ್ ಫ್ಯಾಕ್ಟರ್, 0.8 ಇದ್ದಲ್ಲಿ 2.5 ಕೆವಿಎ ಎಂದರೆ 2 ಕಿಲೋವ್ಯಾಟ್ ಅಷ್ಟೇ.

ದೀಪ, ಫ್ಯಾನುಗಳ ವ್ಯಾಟ್ ಕೂಡಿಸಿ ಲೆಕ್ಕ ಮುಗಿಸುವಂತಿಲ್ಲ. ಒಂದು ಅಶ್ವಶಕ್ತಿಯ ನೀರಿನ ಪಂಪು ಓಡುವಾಗ ಸುಮಾರು ಒಂದು ಕಿಲೋವ್ಯಾಟ್ ಎಳೆದರೂ, ನೇರವಾಗಿ ಸ್ಟಾರ್ಟ್ ಮಾಡಿದ ಗಳಿಗೆಯಲ್ಲಿ ಅದರ ಮೋಟಾರು ಐದಾರು ಪಟ್ಟು ಕರೆಂಟು ಬೇಡುವುದರಿಂದ, ಕಾಗದದ ಮೇಲೆ ಸಾಕಾಗುವಂತೆ ಕಂಡ ಜನರೇಟರ್ ಗೊರಗೊರ ಎಂದು ನಿಂತುಹೋಗುತ್ತದೆ. ಫ್ರಿಜ್ಜಿನ ಕಂಪ್ರೆಸರ್ ಸ್ವಭಾವವೂ ಇದೇ. ಕಂಪ್ಯೂಟರಿನಂಥ ಸೂಕ್ಷ್ಮ ಉಪಕರಣಗಳಿಗೆ ಇನ್ವರ್ಟರ್ ಮಾದರಿಯ, ಅಂದರೆ ಕರೆಂಟನ್ನು ಎಲೆಕ್ಟ್ರಾನಿಕ್ ಸರ್ಕ್ಯೂಟಿನಿಂದ ಹದಗೊಳಿಸಿ ಕೊಡುವ, ಜನರೇಟರ್ ಮೇಲು. ಬೆಲೆ ಹೆಚ್ಚಾದರೂ ಹೊರೆ ಕಡಿಮೆಯಿದ್ದಾಗ ಅದರ ಎಂಜಿನ್ ವೇಗ ತಗ್ಗಿ ಇಂಧನ ಉಳಿಯುತ್ತದೆ.

ಯಂತ್ರದ ಜೊತೆಗೇ, ಮನೆಯ ವೈರಿಂಗನ್ನು ಒಂದೋ ಬೀದಿಯ ಲೈನಿಗೆ ಇಲ್ಲವೇ ಜನರೇಟರಿಗೆ ಮಾತ್ರ ಜೋಡಿಸುವ ಚೇಂಜ್ ಓವರ್ ಸ್ವಿಚ್ಚಿನ ಖರ್ಚನ್ನೂ ಸೇರಿಸಿಕೊಳ್ಳಬೇಕು. ಅದನ್ನು ಉಳಿಸಲು ಎರಡೂ ತುದಿಗೆ ಪ್ಲಗ್ ಇರುವ ವೈರಿನಿಂದ ಗೋಡೆಯ ಸಾಕೆಟ್ಟಿಗೆ ಕರೆಂಟು ಕೊಟ್ಟರೆ, ಅದು ಮೀಟರ್ ದಾಟಿ ಹಿಮ್ಮುಖವಾಗಿ ಹರಿದು, ಟ್ರಾನ್ಸ್‌ಫಾರ್ಮರಿನಲ್ಲಿ ಸಾವಿರಾರು ವೋಲ್ಟಿಗೆ ಏರಿ, ಲೈನು ಸತ್ತಿದೆಯೆಂದು ಕಂಬ ಹತ್ತಿದ ಲೈನ್‌ಮನ್ನನ ಜೀವ ತೆಗೆಯಬಲ್ಲದು.

ಎಲ್ಲಕ್ಕಿಂತ ಮುಖ್ಯವಾದುದು ಇಡುವ ಜಾಗ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ವಾಕರಿಕೆ ಎಂದುಕೊಳ್ಳುವಷ್ಟರಲ್ಲಿ ಪ್ರಜ್ಞೆ ತಪ್ಪಿರುತ್ತದೆ. ಮಳೆಯಲ್ಲಿ ನೆನೆಯುತ್ತದೆಂದು ಜನರೇಟರನ್ನು ಗ್ಯಾರೇಜಿಗೆ ತಂದು ಕಿಟಕಿ ತೆರೆದಿಟ್ಟರೆ ಸಾಲದು. ಮನೆಯಿಂದ ಕನಿಷ್ಠ 20 ಅಡಿ ದೂರದಲ್ಲಿ, ಹೊಗೆಕೊಳವೆ ಬಾಗಿಲು ಕಿಟಕಿಗಳತ್ತ ಮುಖ ಮಾಡದಂತೆ, ಬದಿಗಳು ತೆರೆದಿರುವ ಮಾಡಿನ ಕೆಳಗೆ ಇಡಲು ಜಾಗವಿಲ್ಲದವರು ಜನರೇಟರ್ ಬಿಟ್ಟು ಬ್ಯಾಟರಿ ಇನ್ವರ್ಟರನ್ನೇ ಆರಿಸಿಕೊಳ್ಳುವುದು ಕ್ಷೇಮ.

ಮಾರಾಟಗಾರರು ನಿರಂತರ ಸಾಮರ್ಥ್ಯವನ್ನು ಗರಿಷ್ಠದಷ್ಟೇ ದೊಡ್ಡ ಅಕ್ಷರದಲ್ಲಿ ಮುದ್ರಿಸಬೇಕೆಂದೂ, ಈ ದೂರದ ಎಚ್ಚರಿಕೆಯನ್ನು ಯಂತ್ರದ ಮೈಮೇಲೆಯೇ ಓದುಗರ ಭಾಷೆಯಲ್ಲಿ ಅಂಟಿಸಬೇಕೆಂದೂ ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ,
ತಮ್ಮ ಓದುಗ