ಇಲ್ಲದ ಹನ್ನೆರಡು ಮೂಟೆ

ಮೂಡಿಗೆರೆ
ಡಿಸೆಂಬರ್ ಮೊದಲ ಭಾನುವಾರ

ಚಿ. ಪುಟ್ಟನಿಗೆ ನಿನ್ನ ಮಾವನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಅರೇಬಿಕಾ ಅರ್ಧ ಕುಯ್ದಾಗಿದೆ. ಆಳುಗಳು ಸಿಗುತ್ತಿಲ್ಲ. ಮೋಡ ಕವಿದರೆ ಕಣದ ಮೇಲೆ ಟಾರ್ಪಾಲು ಎಳೆಯುವುದಕ್ಕೆ ನಾನು ಮತ್ತು ನಿನ್ನ ಅತ್ತೆ, ಇಬ್ಬರೇ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಆಯಿತು ಮಾವ, ಆಯಿತು ಮಾವ" ಎಂದು ಮಾತು ಮುಗಿಸಿಬಿಡುತ್ತೀಯೆ. ಅದಕ್ಕೇ ಕಾಗದ.

ದೀಪಾವಳಿಗೆ ಬಂದಿದ್ದಾಗ ಜಗಲಿಯಲ್ಲಿ ಕುಳಿತು ನಿನ್ನ ಕಂಪನಿಯ ವಿಷಯ ಹೇಳಿದೆಯಲ್ಲ. ತೋಟದ ಹಾಜರಿ, ಹಣ್ಣಿನ ತೂಕ, ಬಟವಾಡೆ ಎಲ್ಲವನ್ನೂ ಮೊಬೈಲಿನಲ್ಲೇ ಬರೆದಿಡುವ ವ್ಯವಸ್ಥೆ. ಮೂವತ್ತೊಂದು ವರ್ಷ ತೋಟದ ರೈಟರ್ ಆಗಿ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ-ಕೂಲಿಯ ಪುಸ್ತಕ, ಬರೆದ ನನಗೆ ಅದನ್ನು ಕೇಳಿ ಎಷ್ಟು ಹಿಗ್ಗಾಯಿತೆಂದು ನಿನಗೆ ಹೇಳಲಿಲ್ಲ. ಅಷ್ಟರಲ್ಲೇ ಇನ್ನೊಂದು ಮಾತು ಬಂತು. ಹಣ ಕೊಡುವ ತೋಟಗಳು ಅರವತ್ತೊಂದು. ಬಂಡವಾಳ ಹಾಕುವವರಿಗೆ ತೋರಿಸುವ ಪಟ್ಟಿಯಲ್ಲಿ ನೂರ ನಲವತ್ತು. "ಉಳಿದವರು ಮಾರ್ಚಿನೊಳಗೆ ಸೇರಿಯೇ ಸೇರುತ್ತಾರೆ, ಎಲ್ಲರೂ ಹೀಗೇ ತೋರಿಸುವುದು" ಎಂದೆ. ನಾನು ಸತ್ಯಂ ರಾಜು ಅವರ ಹೆಸರೆತ್ತಿದಾಗ ನಕ್ಕುಬಿಟ್ಟೆ. "ಅವರು ಸಾವಿರಾರು ಕೋಟಿಯವರು ಮಾವ, ನನ್ನದು ಎಷ್ಟು ಮಹಾ" ಎಂದೆ.

ಅವರದ್ದೂ ಸಾವಿರಾರು ಕೋಟಿಯಿಂದ ಶುರುವಾಗಲಿಲ್ಲ, ಪುಟ್ಟ. ರಾಮಲಿಂಗ ರಾಜು ಭೀಮಾವರದ ಕಡೆಯ ಕೃಷಿಕರ ಮನೆತನದವರು. ಅಮೆರಿಕದಲ್ಲಿ ಓದಿ ಬಂದು ಮೊದಲು ನೂಲಿನ ಗಿರಣಿ, ಕಟ್ಟಡದ ವ್ಯವಹಾರ ಮಾಡಿದರು. 1987ರಲ್ಲಿ ಹೈದರಾಬಾದಿನಲ್ಲಿ ಇಪ್ಪತ್ತು ಜನರನ್ನು ಕಟ್ಟಿಕೊಂಡು ಸತ್ಯಂ ಕಂಪ್ಯೂಟರ್ಸ್ ಆರಂಭಿಸಿದರು. 1991ರಲ್ಲಿ ಅವರಿಗೆ ಸಿಕ್ಕ ಮೊದಲ ದೊಡ್ಡ ವಿದೇಶಿ ಗಿರಾಕಿ ಜಾನ್ ಡಿಯರ್, ನಮ್ಮ ಕಡೆಯೂ ಓಡಾಡುವ ಆ ಹಸಿರು ಟ್ರ್ಯಾಕ್ಟರಿನವರೇ. ಮರುವರ್ಷ ಷೇರು ಬಿಟ್ಟಾಗ ಬೇಕಾದದ್ದಕ್ಕಿಂತ ಹದಿನೇಳು ಪಟ್ಟು ಅರ್ಜಿ ಬಂದವು. 2001ರಲ್ಲಿ ನ್ಯೂಯಾರ್ಕಿನ ಷೇರುಪೇಟೆಗೂ ಹೋದರು. 2008ರ ಹೊತ್ತಿಗೆ ಐವತ್ತು ಸಾವಿರ ದಾಟಿದ ನೌಕರರು. ಆ ಸೆಪ್ಟೆಂಬರಿನಲ್ಲಿ ಕಂಪನಿಯನ್ನು ಒಳ್ಳೆಯ ರೀತಿಯಲ್ಲಿ ನಡೆಸಿದ್ದಕ್ಕೆಂದೇ ಗೋಲ್ಡನ್ ಪೀಕಾಕ್ ಪ್ರಶಸ್ತಿಯನ್ನೂ ಕೊಟ್ಟರು. ಕೊಟ್ಟವರು ಆಮೇಲೆ ವಾಪಸು ಪಡೆದರು ಅನ್ನು.

2009ರ ಜನವರಿ 7, ಬುಧವಾರ. ಯಾರೂ ಹಿಡಿಯುವ ಮೊದಲೇ ಅವರೇ ತಮ್ಮ ಆಡಳಿತ ಮಂಡಳಿಗೆ ಪತ್ರ ಬರೆದರು. ಅದನ್ನು ಪೇಪರಿನಲ್ಲಿ ನಾನು ಮೂರು ಸಲ ಓದಿದ್ದೇನೆ. ಪುಸ್ತಕದಲ್ಲಿ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಠೇವಣಿ. ಅದರಲ್ಲಿ 5,040 ಕೋಟಿ ಇಲ್ಲವೇ ಇಲ್ಲ. ಆ ಹಿಂದಿನ ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ತೋರಿಸಿದ ಲಾಭ 649 ಕೋಟಿ, ನಿಜವಾಗಿ ಬಂದದ್ದು 61 ಕೋಟಿ. ನೂರು ರೂಪಾಯಿ ವಹಿವಾಟಿಗೆ ಇಪ್ಪತ್ತನಾಲ್ಕು ಉಳಿಯಿತೆಂದು ಬರೆದದ್ದು, ಕೈಗೆ ಉಳಿದದ್ದು ಮೂರು. ಇದೆಲ್ಲ ಮೊದಲು ಒಂದು ಸಣ್ಣ ಅಂತರವಾಗಿತ್ತು, ವರ್ಷದಿಂದ ವರ್ಷಕ್ಕೆ ಬೆಳೆಯಿತು ಎಂದು ಅವರೇ ಬರೆದಿದ್ದರು. ಹುಲಿ ಸವಾರಿ ಮಾಡುತ್ತಿದ್ದೆ, ತಿನ್ನಿಸಿಕೊಳ್ಳದೆ ಇಳಿಯುವುದು ಹೇಗೆಂದು ತಿಳಿಯಲಿಲ್ಲ ಎಂದೂ ಇತ್ತು.

ಜನ ಹುಲಿಯ ಮಾತನ್ನು ಹಿಡಿದುಕೊಂಡರು. ನನ್ನನ್ನು ನಿಲ್ಲಿಸಿದ್ದು ಆ ಸಣ್ಣ ಅಂತರ. ಯಾವುದೋ ಒಂದು ತ್ರೈಮಾಸಿಕದಲ್ಲಿ, "ಮುಂದಿನ ಸಲ ಸರಿದೂಗಿಸೋಣ" ಎಂದು ಮೊದಲ ಅಂಕಿ ತಿದ್ದಿದ ದಿನವೊಂದು ಇರಲೇಬೇಕಲ್ಲ. ತಿದ್ದಿದ ಅಂಕಿ ಸುಮ್ಮನೆ ಕೂರುವುದಿಲ್ಲ. ಲಾಭ ಬಂತೆಂದು ಬರೆದರೆ ಆ ಹಣ ಎಲ್ಲೋ ಇರಬೇಕು. ಬ್ಯಾಂಕಿನಲ್ಲಿದೆ ಎಂದು ಬರೆದರೆ ಠೇವಣಿಯ ರಸೀದಿ ಬೇಕು. ಠೇವಣಿ ಇದ್ದಮೇಲೆ ಬಡ್ಡಿಯನ್ನೂ ಬರೆಯಬೇಕು. ಇಲ್ಲದ ಹಣಕ್ಕೆ ಬಡ್ಡಿ! ಕೊನೆಗೆ 2008ರ ಡಿಸೆಂಬರಿನಲ್ಲಿ ತಮ್ಮ ಮನೆಯವರದ್ದೇ ಆದ, ಕಟ್ಟಡ-ಜಮೀನಿನ ವ್ಯವಹಾರದ ಮೈತಾಸ್ ಕಂಪನಿಗಳನ್ನು ಸತ್ಯಂ ಕೈಯಿಂದ ಕೊಳ್ಳಿಸಲು ಹೊರಟರು. ಸತ್ಯಂ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಹಿಂದುಮುಂದಾಗಿ ಬರೆದರೆ ಮೈತಾಸ್, ನೋಡು. ಪುಸ್ತಕದಲ್ಲಿನ ಸುಳ್ಳು ಹಣ ಕೊಟ್ಟಂತೆ ಮಾಡಿ ನಿಜವಾದ ಆಸ್ತಿಯನ್ನು ಒಳಗೆ ತಂದುಬಿಟ್ಟರೆ ತೂತು ಮುಚ್ಚುತ್ತದೆ ಎಂಬ ಲೆಕ್ಕ. ಷೇರುದಾರರು ಗಲಾಟೆ ಮಾಡಿದರು, ಒಂದೇ ದಿನದಲ್ಲಿ ಕೈಬಿಡಬೇಕಾಯಿತು. ಮೂರು ವಾರದಲ್ಲಿ ಆ ಪತ್ರ.

ಈಗ ನಿನಗೆ ಹೇಳದೇ ಇದ್ದದ್ದನ್ನು ಹೇಳುತ್ತೇನೆ. ನಿಮ್ಮ ಅಮ್ಮನಿಗೂ ಇದು ಪೂರ್ತಿ ಗೊತ್ತಿಲ್ಲ.

ನಾನು ಮೊದಲು ಕೆಲಸಕ್ಕೆ ಸೇರಿದ ತೋಟ, ಅದರ ಹೆಸರು ಬೇಡ. ಎರಡನೆಯ ವರ್ಷದ ಕುಯ್ಲು. ಒಂದು ಸಂಜೆ ಒಬ್ಬ ಮೇಸ್ತ್ರಿಯ ಗುಂಪಿನ ತೂಕವನ್ನು ಎರಡು ಸಲ ಕೂಡಿಸಿಬಿಟ್ಟೆ. ಮುನ್ನೂರು ಕಿಲೋ ಹಣ್ಣು ಹೆಚ್ಚು. ರಾತ್ರಿ ಗೊತ್ತಾಯಿತು, ಬೆಳಿಗ್ಗೆ ಹೇಳೋಣವೆಂದುಕೊಂಡೆ. ಬೆಳಿಗ್ಗೆ ಸಾಹುಕಾರರು ಪುಸ್ತಕ ನೋಡಿ, "ಭೇಷ್, ನೀನು ಬಂದಮೇಲೆ ಕುಯ್ಲು ಸುಧಾರಿಸಿದೆ" ಎಂದರು. ಬಾಯಿ ಕಟ್ಟಿಹೋಯಿತು. ಮರುದಿನ ತೂಕ ಇಳಿದರೆ ಏಕೆಂದು ಕೇಳುತ್ತಾರಲ್ಲ, ಅದಕ್ಕೆ ಅಂದೂ ಎಪ್ಪತ್ತೈದು ಕಿಲೋ ಸೇರಿಸಿದೆ. ಆಳುಗಳ ಹೆಸರಿನ ಮುಂದೆ ಅಲ್ಲ, ಕೆಳಗಿನ ಒಟ್ಟು ಮೊತ್ತದಲ್ಲಿ. ಆರು ವಾರ ಹೀಗೇ. ಐದು ಕಿಲೋ ಹಣ್ಣಿಗೆ ಒಂದು ಕಿಲೋ ಪಾರ್ಚ್‌ಮೆಂಟ್ (ಸಿಪ್ಪೆ ತೆಗೆದು ಒಣಗಿಸಿದ ಬೀಜ) ಎಂದು ಹಿಡಿದರೆ, ಜನವರಿಯ ಕೊನೆಗೆ ಪುಸ್ತಕದಲ್ಲಿ ಇದ್ದು ಗೋದಾಮಿನಲ್ಲಿ ಇಲ್ಲದ್ದು ಆರುನೂರು ಕಿಲೋ. ಹನ್ನೆರಡು ಮೂಟೆ.

ಒಂದು ರಾತ್ರಿ ಲಾಟೀನು ಹಿಡಿದು ಹೋಗಿ ಎರಡು ಚೀಲಕ್ಕೆ ಕಾಫಿ ಹೊಟ್ಟು ತುಂಬಿದೆ. ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿಸಿಟ್ಟೆ. ಮೂರನೆಯದಕ್ಕೆ ಕೈ ನಡುಗಿತು. ಬೆಳಗಾದ ಕೂಡಲೇ ಬಂಗಲೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಆಮೇಲೆ ಆದದ್ದನ್ನು ಕೇಳು. ಆ ಹನ್ನೆರಡು ಮೂಟೆ ಎಂದೂ ಇರಲೇ ಇಲ್ಲ ಎಂದರೆ ಯಾರೂ ನಂಬಲಿಲ್ಲ. ಕದ್ದು ಮಾರಿದ್ದಾನೆ, ಈಗ ಕಥೆ ಕಟ್ಟುತ್ತಾನೆ ಎಂದರು. ಇಲ್ಲದ ಕಾಫಿಯ ಕಳ್ಳನಾದೆ. ಅದರ ಬೆಲೆಯನ್ನು ಎರಡು ವರ್ಷ ಸಂಬಳದಲ್ಲಿ ಮುರಿದುಕೊಂಡರು. ಸಾಹುಕಾರರ ತಪ್ಪೆಂದು ನಾನು ಹೇಳಲಾರೆ, ಅವರು ನಂಬಿದ್ದು ನನ್ನ ಕೈಬರಹವನ್ನೇ ತಾನೆ.

ರಾಜು ಅವರೂ ಆ ಪತ್ರದಲ್ಲಿ, ಕಂಪನಿಯಿಂದ ಒಂದು ರೂಪಾಯಿಯನ್ನೂ ತೆಗೆದುಕೊಂಡಿಲ್ಲ ಎಂದು ಬರೆದಿದ್ದರು. ಸಿಬಿಐ ಅದನ್ನು ಒಪ್ಪಲಿಲ್ಲ. ನಕಲಿ ಬಿಲ್ಲು, ನಕಲಿ ಠೇವಣಿ ರಸೀದಿಗಳನ್ನು ನ್ಯಾಯಾಲಯದ ಮುಂದಿಟ್ಟಿತು. 2015ರ ಏಪ್ರಿಲ್ 9ರಂದು ಅವರಿಗೂ ತಮ್ಮನಿಗೂ ಸೇರಿ ಹತ್ತು ಮಂದಿಗೆ ಶಿಕ್ಷೆಯಾಯಿತು, ಇವರಿಗೆ ಏಳು ವರ್ಷ. ಮರುತಿಂಗಳೇ ಮೇಲ್ಮನವಿಯ ಮೇಲೆ ಜಾಮೀನಿನಲ್ಲಿ ಹೊರಬಂದರು. ನನ್ನದು ಹನ್ನೆರಡು ಮೂಟೆಯ ಕಥೆ, ಅವರದ್ದಕ್ಕೆ ಹೋಲಿಸಬಾರದು. ಆದರೂ ಆ ಒಂದು ಸಾಲನ್ನು ಓದುವಾಗ ನನಗೆ ನಗು ಬರಲಿಲ್ಲ.

ಜೈಲಿಗೆ ಹೋದವರಿಗೂ ಬಹುವಚನವೇ ಎಂದು ನಿನ್ನ ಅತ್ತೆ ಹಿಂದಿನಿಂದ ಇಣುಕಿ ಕೇಳುತ್ತಿದ್ದಾಳೆ. ಅವಳಿಗೆ ಎದೆನೋವು ಬಂದ ಆ ಮಳೆಗಾಲದ ರಾತ್ರಿ ಚಿಕ್ಕಮಗಳೂರಿಗೆ ಕರೆದೊಯ್ದದ್ದು 108. ಆ ಆಂಬುಲೆನ್ಸ್ ಏರ್ಪಾಡನ್ನು 2005ರಲ್ಲಿ ಹೈದರಾಬಾದಿನಲ್ಲಿ ಹುಟ್ಟುಹಾಕಿದವರು ಇದೇ ರಾಜು. ನಮ್ಮ ರಾಜ್ಯಕ್ಕೆ ಅದು ಬಂದದ್ದು 2008ರ ನವೆಂಬರ್ 1ರಂದು, ಆ ಪತ್ರಕ್ಕೆ ಎರಡು ತಿಂಗಳ ಮುಂಚೆ. ಆಮೇಲೆ ಅದನ್ನು ಬೇರೆಯವರು ವಹಿಸಿಕೊಂಡು ನಡೆಸಿದರು. ಕಂಪನಿಯನ್ನೂ ಅಷ್ಟೇ, ಸರ್ಕಾರ ಹೊಸ ಮಂಡಳಿ ನೇಮಿಸಿ, 2009ರ ಏಪ್ರಿಲ್ ಹೊತ್ತಿಗೆ ಷೇರಿಗೆ 58 ರೂಪಾಯಿಯಂತೆ ಟೆಕ್ ಮಹೀಂದ್ರ ಕೊಂಡು ಉಳಿಸಿತು. ಕೆಲಸಗಾರರ ದುಡಿಮೆ ನಿಜವಾಗಿತ್ತು, ಗಿರಾಕಿಗಳು ನಿಜವಾಗಿದ್ದರು. ನೂರಕ್ಕೆ ಮೂರು ಉಳಿಯಿತೆಂದು ಬರೆದಿದ್ದರೆ ಆಡಿಕೊಳ್ಳುತ್ತಿದ್ದರು, ಷೇರು ಇಳಿಯುತ್ತಿತ್ತು, ಅಷ್ಟೇ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ನಿನ್ನ ಅರವತ್ತೊಂದು ತೋಟ ಕಡಿಮೆಯೇನಲ್ಲ. ಈ ತಾಲ್ಲೂಕಿನ ರೈಟರುಗಳು ಪುಸ್ತಕ ಬಿಟ್ಟು ಮೊಬೈಲ್ ಹಿಡಿಯುವುದೆಂದರೆ ಏನೆಂದು ನನಗೆ ಗೊತ್ತು. ಆ ಪಟ್ಟಿ ಇನ್ನೂ ಕಳುಹಿಸಿಲ್ಲ ಎಂದಿದ್ದೆ. ಹಣ ಬಂದಿರುವ ತೋಟ ಒಂದು ಕಡೆ, ನೋಡುತ್ತೇವೆ ಎಂದವರು ಇನ್ನೊಂದು ಕಡೆ, ಹೆಸರು ಹಿಡಿದು ಬೇರೆ ಬೇರೆ ಬರೆದು ಕಳುಹಿಸು. ಅದನ್ನು ನೋಡಿ ಬಂಡವಾಳದವರು ಎದ್ದುಹೋದರೆ ನನಗೆ ಫೋನ್ ಮಾಡು. ಈ ವರ್ಷ ಕಾಫಿಗೆ ಬೆಲೆ ಇದೆ, ನಿನ್ನ ಅತ್ತೆಯನ್ನೂ ಕೇಳಿದ್ದೇನೆ, ಆರು ತಿಂಗಳು ನಿನ್ನ ಹುಡುಗರ ಸಂಬಳಕ್ಕಾಗುವಷ್ಟು ನಾನು ಹಾಕಬಲ್ಲೆ. ನನಗೆ ಲಾಭ ಬೇಡ, ತಿಂಗಳಿಗೊಮ್ಮೆ ಲೆಕ್ಕ ತೋರಿಸಿದರೆ ಸಾಕು.

ಸಂಕ್ರಾಂತಿಗೆ ಬಂದರೆ ಎರಡು ದಿನ ಇರುವಂತೆ ಬಾ. ನಿಮ್ಮ ಅಮ್ಮನಿಗೆ ಮೆಣಸು, ಕಾಫಿಪುಡಿ ಕಟ್ಟಿಟ್ಟಿದ್ದೇನೆ. ಹೊಟ್ಟಿನ ಚೀಲದ ಸಂಗತಿಯನ್ನು ಅವಳಿಗೆ ನಾನೇ ಹೇಳುತ್ತೇನೆ, ನೀನು ಮೊದಲೇ ಹೇಳಿಬಿಡಬೇಡ.

ಇಂತು ನಿನ್ನ ಮಾವ