ಆ ಮರಿಯ ಕಾಲಿನ ವಿಷಯ

ಪುಟ್ಟೀ,

ಚಟ್ನಿಪುಡಿ ಡಬ್ಬಿಯ ಅಡಿಯಲ್ಲಿ ಈ ಕಾಗದ ಇಟ್ಟಿದ್ದೇನೆ. ಅಪ್ಪನಿಗೆ ಗೊತ್ತಿಲ್ಲ. ಅವರು ಬೆಳಗ್ಗೆ ಅರಕಲಗೂಡಿಗೆ ಹೋಗಿ ಮೊದಲ ಬಸ್ಸು ಹಿಡಿಯುತ್ತಾರೆ. ಸೋಮವಾರ ನಿನ್ನನ್ನು ಜರ್ಮನಿಯ ವಿಮಾನ ಹತ್ತಿಸಿಯೇ ವಾಪಸ್ಸು. ನಾನು ಬರುತ್ತಿಲ್ಲ. ಕೊಟ್ಟಿಗೆಯಲ್ಲಿ ಗಬ್ಬದ ಹಸು ಇವತ್ತೋ ನಾಳೆಯೋ ಅನ್ನುವ ಹಾಗಿದೆ. ಮತ್ತೆ ಜಗಳವಾದೀತು ಅನ್ನುವ ಭಯವೂ ಇದೆ, ಸುಳ್ಳು ಯಾಕೆ ಹೇಳಲಿ.

ಹಬ್ಬದ ದಿನ ಹೋಗಬೇಡ ಅಂತ ನಾನು ಏನೇನಂದೆ ಅನ್ನುವುದು ನಿನಗೂ ನೆನಪಿದೆ, ನನಗೂ ನೆನಪಿದೆ. ಮತ್ತೆ ಬರೆಯುವುದಿಲ್ಲ. ನೀನಂದ ಒಂದು ಮಾತು ಮಾತ್ರ ಒಳಗೇ ಕೂತಿದೆ. "ಕೋಳಿ ಕೂಡ ಎರಡು ತಿಂಗಳಿಗೆ ಮರಿಗಳನ್ನ ಅವುಗಳ ಪಾಡಿಗೆ ಬಿಟ್ಟುಬಿಡುತ್ತೆ ಅಮ್ಮ, ನಿಂಗೆ 25 ವರ್ಷ ಆದ್ರೂ ಆಗ್ಲಿಲ್ಲ."

ಮಾತೇನೋ ಸರಿ. ಮತ್ತೆ ಮೊಟ್ಟೆ ಇಡುವ ಹೊತ್ತು ಬಂತು ಅಂದರೆ ಹೇಂಟೆ ತನ್ನ ಮರಿಗಳನ್ನೇ ಕುಕ್ಕಿ ಓಡಿಸುತ್ತದೆ. ಆದರೆ ಅದಕ್ಕೂ ಮುಂಚಿನ ಲೆಕ್ಕ ನೀನು ಹೇಳಲಿಲ್ಲ. 21 ದಿನ ಕಾವಿಗೆ ಕೂರುತ್ತದೆ. ದಿನಕ್ಕೊಂದು ಸಲ ಎದ್ದು ನಾಲ್ಕು ಕಾಳು ಹೆಕ್ಕಿ, ನೀರು ಕುಡಿದು, ಓಡಿ ಬರುತ್ತದೆ. ಹೊಟ್ಟೆಯ ಪುಕ್ಕ ಉದುರಿ ಬರೀ ಚರ್ಮ ಮೊಟ್ಟೆಗೆ ತಾಗುತ್ತಿರುತ್ತದೆ. ಮುಟ್ಟಿ ನೋಡು, ಜ್ವರ ಬಂದ ಹಾಗೆ ಸುಡುತ್ತದೆ. ಮರಿ ಇನ್ನೂ ಮೊಟ್ಟೆಯೊಳಗೇ ಇದ್ದು ಚಿಂವ್ ಅಂದರೆ ಇದು ಮೇಲಿನಿಂದ ಮೆಲ್ಲಗೆ ಕೊರ್ ಅನ್ನುತ್ತದೆ. ಹದ್ದು ಕಂಡರೆ ಒಂದೇ ಕೂಗು, ಮರಿಗಳೆಲ್ಲ ಇದ್ದಲ್ಲೇ ಮುದುಡಿಕೊಳ್ಳುತ್ತವೆ. ನೋಡು, ಮತ್ತೆ ವಾದಕ್ಕೇ ಇಳಿದೆ. ಕಾಗದ ಹಿಡಿದು ಕೂತದ್ದು ಇದಕ್ಕಲ್ಲ.

ಜರ್ಮನಿಯವರು ಇಂಟರ್‌ವ್ಯೂನಲ್ಲಿ ನರ್ಸ್ ಯಾಕಾದೆ ಅಂತ ಕೇಳಿದ್ದಕ್ಕೆ ನೀನು ಕೋಳಿಮರಿಯ ಕಥೆ ಹೇಳಿದೆಯಂತೆ. "ಒಂಬತ್ತು ವರ್ಷದವಳಿದ್ದಾಗ ಮರಿಯ ಕಾಲು ಮುರಿದದ್ದು ನಾನೇ, ಕಟ್ಟಿ ಸರಿ ಮಾಡಿದ್ದೂ ನಾನೇ." ಅಪ್ಪ ಇದನ್ನು ಡೇರಿಯಲ್ಲಿ ಹಾಲು ಹಾಕಲು ಬಂದವರಿಗೆಲ್ಲ ಹೇಳಿದ್ದಾರೆ. ನಾನು ಪಕ್ಕದಲ್ಲೇ ಕ್ಯಾನು ಹಿಡಿದು ನಿಂತಿದ್ದೆ.

ಮುರಿದದ್ದು ನೀನಲ್ಲ.

ಆವತ್ತು ಜೋರು ಮಳೆ. ಕರೆಂಟು ಇರಲಿಲ್ಲ. ಅಜ್ಜಿಯ ಕೆಂಪು ಹೇಂಟೆ ಒಂಬತ್ತು ಮರಿಗಳ ಜೊತೆ ಒಲೆ ಪಕ್ಕ ಇತ್ತು. ನಾನು ಸೌದೆ ತಬ್ಬಿಕೊಂಡು ಹಿತ್ತಿಲ ಬಾಗಿಲಿನಿಂದ ಒಳಗೆ ಬಂದೆ. ಹೊಸ್ತಿಲು ದಾಟಿ ಕಾಲಿಟ್ಟೆ. ಹಿಮ್ಮಡಿಯ ಕೆಳಗೆ ಮೆತ್ತಗೆ ಏನೋ ಸಿಕ್ಕಿತು. ಕಿಚ್ ಅಂತು. ಅಷ್ಟೇ. ಎಷ್ಟು ಸಣ್ಣ ಸದ್ದು ಗೊತ್ತಾ, ಸೌದೆಯ ಸದ್ದಿನಲ್ಲಿ ಮುಚ್ಚಿಹೋಗಬೇಕಿತ್ತು. ಅದನ್ನು ಎತ್ತಿ ಬಾಗಿಲ ಮೂಲೆಗೆ ಇಟ್ಟೆ. ಆಗಲೇ ನೀನು ನೆನೆದುಕೊಂಡು ಓಡಿ ಬಂದು ಬಾಗಿಲು ದಬಾರ್ ಅಂತ ಹಾಕಿದೆ. ಮೂಲೆಯಲ್ಲಿ ಮರಿ ಒದ್ದಾಡುತ್ತಿರುವುದನ್ನು ನೋಡಿ ಕಿರುಚಿದೆ.

ಅಜ್ಜಿ ಎದ್ದು ಬಂದರು. ಅವರ ಬಾಯಿ ನಿನಗೆ ಗೊತ್ತೇ ಇದೆ. ನಾನು ಸುಮ್ನೆ ಇದ್ದಿದ್ದರೂ ಆಗುತ್ತಿತ್ತು. ಇರಲಿಲ್ಲ. "ಬಾಗಿಲು ಹಾಕೋವಾಗ ನೋಡಬಾರದೇನೇ" ಅಂದೆ. ಮಗುವಿಗಾದರೆ ಅಜ್ಜಿ ಎರಡು ಮಾತು ಬೈದು ಬಿಡುತ್ತಾರೆ, ಸೊಸೆಗಾದರೆ ಎರಡು ತಿಂಗಳು. ಆವತ್ತು ನನ್ನ ಲೆಕ್ಕ ಅಷ್ಟೇ ಇತ್ತು.

ಆಮೇಲೆ ನೀನು ಅಳುತ್ತಲೇ ಮಾಡಿದ್ದನ್ನೆಲ್ಲ ನೋಡುತ್ತಾ ನಿಂತಿದ್ದೆ. ಪೊರಕೆ ಕಡ್ಡಿಯನ್ನು ಬೆರಳುದ್ದ ಮುರಿದು, ಅಪ್ಪನ ಹಳೇ ಪಂಚೆಯ ಅಂಚು ಹರಿದು ಸುತ್ತಿದೆ. ಗಾಯಕ್ಕೆ ಅರಿಶಿನ ಒತ್ತಿದೆ. ತಾಯಿ ಹತ್ತಿರ ಬಿಟ್ಟರೆ ಉಳಿದ ಮರಿಗಳು ರಕ್ತ ಕಂಡು ಅದನ್ನೇ ಕುಕ್ಕತೊಡಗಿದವು. ಹೇಂಟೆಯೂ ತಲೆಗೆ ಒಂದು ಕುಕ್ಕಿತು. "ಅಮ್ಮಾ, ಅದರ ಅಮ್ಮನೇ ಕುಕ್ತಿದೆ" ಅಂದೆ. ನನ್ನ ಬಾಯಿಂದ ಮಾತು ಹೊರಡಲಿಲ್ಲ. ದೂರ ಇಟ್ಟರೆ ತಾಯಿ ಮರೆತುಬಿಡುತ್ತದೆ, ಅದಕ್ಕೆ ಪಕ್ಕದಲ್ಲೇ ಮಂಕರಿ ಕವುಚಿ ಅದರೊಳಗೆ ಬಿಡು ಅಂತ ಹೇಳಿದ್ದು ಅಜ್ಜಿ. ಹಗಲೆಲ್ಲ ಹೇಂಟೆಗೆ ಅದರ ದನಿ ಕೇಳಿಸುತ್ತಿತ್ತು. ರಾತ್ರಿ ಕತ್ತಲಾದ ಮೇಲೆ ನೀನು ಮರಿಯನ್ನು ಮೆಲ್ಲಗೆ ಅದರ ರೆಕ್ಕೆಯಡಿ ತೂರಿಸುತ್ತಿದ್ದೆ. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣಿಸುವುದಿಲ್ಲ, ಬೆಚ್ಚಗೆ ಯಾವುದು ಸೇರಿಕೊಂಡರೂ ಸೇರಿಸಿಕೊಳ್ಳುತ್ತದೆ. ನುಚ್ಚು ನೆನೆಸಿ ಬೆರಳ ತುದಿಯಲ್ಲಿ ತಿನ್ನಿಸಿದೆ. ಹತ್ತು ಹನ್ನೆರಡು ದಿನಕ್ಕೆ ಕಡ್ಡಿ ಬಿಚ್ಚಿದಾಗ ಕುಂಟುತ್ತಾ ತಾಯಿಯ ಹಿಂದೆ ಓಡಿತು. ಹೊಸತೊಡಕಿಗೆ ಆ ಕುಂಟ ಹುಂಜ ಏನಾಯಿತು ಅನ್ನುವುದನ್ನು ಬಿಡು.

ಆ ರಾತ್ರಿಗಳಲ್ಲಿ ನೀನು ಮರಿಗೆ "ತಪ್ಪಾಯ್ತು, ತಪ್ಪಾಯ್ತು" ಅನ್ನುತ್ತಿದ್ದೆ. ಕೇಳಿಸಿಕೊಂಡು ಮಗ್ಗುಲು ಬದಲಿಸಿ ಮಲಗುತ್ತಿದ್ದೆ. ಅಜ್ಜಿ ತೀರಿಕೊಂಡ ಮೇಲಾದರೂ ಹೇಳಬಹುದಿತ್ತು. ಈಗ ನೋಡಿದರೆ ನೀನು ಅದನ್ನೇ ಕಟ್ಟಿಕೊಂಡು ಕಡಲಾಚೆಗೆ ಹೋಗುತ್ತಿದ್ದೀಯ.

ಅದಕ್ಕೇ ಹೇಳುತ್ತೇನೆ, ಅಲ್ಲಿ ಯಾರೋ ಮಾಡಿದ ತಪ್ಪಿಗೆ ತಲೆ ಒಡ್ಡಬೇಡ. ರೋಗಿಗೆ ಏನಾದರೂ ಆದರೆ ಮೊದಲು ಏನಾಯಿತು ಅಂತ ಬರೆದಿಡು. ಎಲ್ಲರ ನೈಟ್ ಡ್ಯೂಟಿಯನ್ನೂ ಮೈಮೇಲೆ ಹಾಕಿಕೊಳ್ಳಬೇಡ. ಭಾರದ ರೋಗಿಗಳನ್ನು ಒಬ್ಬಳೇ ಎತ್ತಬೇಡ, ಸೊಂಟ ಹೋದರೆ ಆಮೇಲೆ ಯಾರೂ ಬರುವುದಿಲ್ಲ. ಸಂಬಳ ಪೂರ್ತಿ ಇಲ್ಲಿಗೆ ಕಳಿಸಬೇಡ. ಜರ್ಮನ್ ಭಾಷೆಯ ಬಿ2 ಪರೀಕ್ಷೆ ಪಾಸಾದೆ ಅಂತ ಭಾಷೆ ಬಂದುಬಿಟ್ಟಿತು ಅಂದುಕೊಳ್ಳಬೇಡ, ಅರ್ಥವಾಗದಿದ್ದರೆ ಇನ್ನೊಂದು ಸಲ ಕೇಳು. ಚಳಿಗೆ ಕಾಲುಚೀಲ ಎರಡೆರಡು ಹಾಕು. ಕಾಗದದಲ್ಲೂ ನನ್ನ ಬಾಯಿ ನಿಲ್ಲುವುದಿಲ್ಲ, ಅಲ್ವಾ?

ಡೇರಿಯಲ್ಲಿ ನಿನ್ನ ಮಾತು ಬಂದಾಗ ನನಗೂ ಎದೆ ಉಬ್ಬುತ್ತದೆ. ಅಪ್ಪನ ಹಾಗೆ ಹೇಳಿಕೊಳ್ಳಲು ಬರುವುದಿಲ್ಲ. ನಿನ್ನನ್ನು ಹೋಗಬೇಡ ಅಂದದ್ದಕ್ಕೆ ತಪ್ಪಾಯಿತು ಅನ್ನಲು ಇನ್ನೂ ಮನಸ್ಸು ಒಪ್ಪುತ್ತಿಲ್ಲ. ಮರಿಯ ವಿಷಯಕ್ಕೆ ಮಾತ್ರ ತಪ್ಪಾಯಿತು ಮಗಳೇ.

ಒಂದು ಕೇಳಬೇಕಿತ್ತು. ಆವತ್ತು ರಾತ್ರಿ ಬುಡ್ಡಿದೀಪದ ಬೆಳಕಲ್ಲಿ ನೀನು ನನ್ನ ಪಾದವನ್ನು ತುಂಬಾ ಹೊತ್ತು ನೋಡಿದೆ. ಬೆಳಗ್ಗೆ ಎದ್ದು ನೋಡಿದರೆ ಹಿಮ್ಮಡಿಯಲ್ಲಿ ರಕ್ತದ ಕಲೆ, ಅದಕ್ಕೊಂದು ಹಳದಿ ಪುಕ್ಕ ಅಂಟಿತ್ತು. ನಿನಗೆ ಆಗಲೇ ಗೊತ್ತಿತ್ತಾ?

ಈಗ ಕರಿ ಹೇಂಟೆ 13 ಮೊಟ್ಟೆಯ ಮೇಲೆ ಕೂತಿದೆ. ಈ ಗುರುವಾರ ಕಳೆದು ಮುಂದಿನ ಗುರುವಾರಕ್ಕೆ 21 ದಿನ. ನೀನು ಅಷ್ಟರಲ್ಲಿ ಅಲ್ಲಿ ಇಳಿದು ರೂಮು ಸೇರಿರುತ್ತೀಯ. ಅಪ್ಪನ ಫೋನಿಗೆ ಮಾಡಬೇಡ, ನನ್ನದಕ್ಕೇ ಮಾಡು. ನಾಲ್ಕೂವರೆ ಆಯಿತು, ಅಪ್ಪ ಬಚ್ಚಲಿಂದ ಬಂದರು. ಡಬ್ಬಿಯ ಮುಚ್ಚಳ ಬಿಗಿ ಇದೆ, ಚಮಚದ ಹಿಡಿಯಿಂದ ಮೀಟು.

ನಿನ್ನ ಅಮ್ಮ